ಆರೋಗ್ಯ ವಿಚಾರ: ನಿಂತ ಹೃದಯವು ಮತ್ತೆ ನಡೆದ ಮೇಲೆ

ನಾವು ವಾಸವಾಗಿರುವ ಅನ್ನಪೂರ್ಣೇಶ್ವರಿ ನಗರವು ಬೆಂಗಳೂರಿನ ಪಡುವಣ ಭಾಗದಲ್ಲಿ, ಮಾಗಡಿ ರಸ್ತೆಗೂ ನಾಗರಭಾವಿಗೂ ನಡುವೆ ಇರುವ ಬಡಾವಣೆ. ಕಳೆದ ಮಾಘಮಾಸದ ಒಂದು ಬೆಳಗ್ಗೆ ನಮ್ಮ ಬೀದಿಯ ಗೃಹಸ್ಥರೊಬ್ಬರು ಹಾಲು ತರಲೆಂದು ಹೋದವರು ಅಂಗಡಿಯ ಮುಂದೆಯೇ ಕುಸಿದು ಬಿದ್ದರು. ಕರೆದರೆ ಮಾತಿಲ್ಲ, ಉಸಿರಿಲ್ಲ. ಪುಣ್ಯಕ್ಕೆ ಅಲ್ಲಿ ನಿಂತಿದ್ದ ತರುಣನೊಬ್ಬನು ಎದೆಯನ್ನು ಒತ್ತುವ ಕ್ರಮವನ್ನು ಕಲಿತವನಾಗಿದ್ದನು. ಅವನು ಒಡನೆಯೇ ಮಂಡಿಯೂರಿ ಎದೆಯ ನಡುವೆ ಎರಡು ಕೈಗಳನ್ನಿಟ್ಟು ಒತ್ತತೊಡಗಿದನು. ಮತ್ತೊಬ್ಬರು ೧೦೮ಕ್ಕೆ ಫೋನು ಮಾಡಿದರು. ಆಸ್ಪತ್ರೆಗೆ ಸೇರುವ ವೇಳೆಗೆ ವಿದ್ಯುತ್ತಿನ ಆಘಾತವನ್ನು ಕೊಟ್ಟು, ನಿಂತಿದ್ದ ಹೃದಯವನ್ನು ಮತ್ತೆ ನಡೆಯುವಂತೆ ಮಾಡಿದ್ದರು.

ಸುದ್ದಿ ತಿಳಿದ ನಾವೆಲ್ಲರೂ "ದೇವರು ದೊಡ್ಡವನು, ಗಂಡಾಂತರ ಕಳೆಯಿತು" ಎಂದುಕೊಂಡೆವು. ಆದರೆ ನಿಜವಾದ ಪರೀಕ್ಷೆಯು ಆಗಲೇ ಮೊದಲಾಗಿದ್ದಿತು. ಮಾರನೆಯ ದಿನ ನಾನು ನೋಡಲು ಹೋದಾಗ ಆ ಮನೆಯ ಯಜಮಾನಿಯು ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಅವರ ಪತಿಯು ಕಣ್ಣು ತೆರೆಯದೆ, ಕೈಬೆರಳನ್ನೂ ಅಲುಗಿಸದೆ ಮಲಗಿದ್ದರು. ಬಾಯಲ್ಲಿ ಉಸಿರಿನ ಕೊಳವೆ. ತಲೆಯ ಬಳಿ ಏಳೆಂಟು ಚಿಕ್ಕ ಯಂತ್ರಗಳು, ಒಂದೊಂದರಿಂದಲೂ ಒಂದೊಂದು ಔಷಧ ಇಳಿಯುತ್ತಿದ್ದಿತು. ಆಕೆಯ ಮೈದುನನು, "ಅತ್ತಿಗೆ, ಅಣ್ಣನಲ್ಲಿ ಏನೂ ಉಳಿದಿಲ್ಲ. ಇಷ್ಟು ಔಷಧ ಸುರಿದರೂ ಕಣ್ಣು ಬಿಡಲಿಲ್ಲ. ಮನೆಗೆ ಕರೆದುಕೊಂಡು ಹೋಗೋಣ, ಪ್ರಾಣ ಮನೆಯಲ್ಲೇ ಹೋಗಲಿ" ಎಂದು ಅಳುತ್ತಿದ್ದನು. ಆಕೆ ನನ್ನ ಮುಖವನ್ನು ನೋಡಿ, "ಇಷ್ಟೊಂದು ಔಷಧಗಳು ಯಾತಕ್ಕೆ? ಇವುಗಳಲ್ಲಿ ಅವರನ್ನು ಎಬ್ಬಿಸುವುದು ಯಾವುದು?" ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ನಿಗಾ ಘಟಕದ ವೈದ್ಯರು ತಾಳ್ಮೆಯಿಂದ ಕೊಟ್ಟ ಉತ್ತರವೇ ಈ ಲೇಖನಕ್ಕೆ ಆಧಾರ. "ತಾಯಿ, ಇವುಗಳಲ್ಲಿ ಎಬ್ಬಿಸುವ ಔಷಧ ಒಂದೂ ಇಲ್ಲ. ಎಲ್ಲವೂ ಕಾಯುವ ಔಷಧಗಳು. ಕೆಲವು ನಾವೇ ಮಲಗಿಸುವುದಕ್ಕೆ ಕೊಟ್ಟವು. ಮಲಗಿಸಿದವರು ಏಳಲಿಲ್ಲವೆಂದು ಇವೊತ್ತೇ ಆಸೆ ಬಿಡಬೇಡಿ" ಎಂದು ಅವರು ಹೇಳಿದರು. ಈ ಒಂದು ಮಾತನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕೆಂಬುದೇ ನನ್ನ ಉದ್ದೇಶ.

ಮೊದಲು ಎರಡು ಹೆಸರುಗಳ ಭೇದವನ್ನು ತಿಳಿಯತಕ್ಕದ್ದು. ಹೃದಯದ ಮಾಂಸಕ್ಕೆ ರಕ್ತವನ್ನು ಒಯ್ಯುವ ನಾಳವು ಕಟ್ಟಿಕೊಳ್ಳುವುದು ಹೃದಯಾಘಾತ. ಆಗ ಎದೆನೋವು, ಬೆವರು ಕಾಣಿಸಬಹುದು, ಆದರೆ ರೋಗಿಯು ಮಾತನಾಡುತ್ತಲೇ ಇರಬಹುದು. ಹೃದಯದ ಮಿಡಿತವೇ ನಿಂತು ರಕ್ತದ ಓಟ ನಿಲ್ಲುವುದು ಹೃದಯಸ್ತಂಭನ. ಇದರಲ್ಲಿ ಕೆಲವು ಕ್ಷಣಗಳಲ್ಲಿಯೇ ಎಚ್ಚರ ತಪ್ಪುವುದು, ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಘಾಸಿ ಮೊದಲಾಗುವುದು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದುಂಟು. ನಮ್ಮ ನಾಡಿನಲ್ಲಿ ಈ ಎರಡನೆಯ ಹೆಸರು ಮನೆಮನೆಯ ಮಾತಾದದ್ದು ೨೦೨೧ನೆಯ ಅಕ್ಟೋಬರ್ ೨೯ರಂದು, ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ ೪೬ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ. ಅವರ ಹೃದಯವು ಎಷ್ಟು ಪ್ರಯತ್ನಪಟ್ಟರೂ ಮತ್ತೆ ನಡೆಯಲಿಲ್ಲ. ಹಾಗೆ ನಿಂತ ಹೃದಯವು ಕೆಲವರಲ್ಲಿ ಮತ್ತೆ ನಡೆಯುವುದು; ಆಮೇಲಿನ ದಿನಗಳ ಸಂಗತಿಯನ್ನು ಹೇಳುವವರು ಕಡಿಮೆ.

ಹೃದಯ ಮತ್ತೆ ನಡೆದ ಮೇಲೆ ಕೊಡುವ ಔಷಧಗಳನ್ನು ಅವುಗಳ ಕೆಲಸದಂತೆ ವಿಂಗಡಿಸಿಕೊಂಡರೆ ಗೊಂದಲ ಕಡಿಮೆಯಾಗುವುದು.

ಮೊದಲನೆಯವು ರಕ್ತದ ಒತ್ತಡವನ್ನು ಹಿಡಿದು ನಿಲ್ಲಿಸುವ ಔಷಧಗಳು. ನಿಂತು ಮತ್ತೆ ಹೊರಟ ಹೃದಯವು, ಬಿದ್ದೆದ್ದ ಎತ್ತಿನಂತೆ, ಒಂದೆರಡು ದಿನ ಬಲಗುಂದಿರುವುದು. ರಕ್ತನಾಳಗಳೂ ಸಡಿಲವಾಗಿರುವುವು. ಆಗ ಒತ್ತಡವು ಕುಗ್ಗಿದರೆ ಮೊದಲೇ ನೊಂದ ಮೆದುಳಿಗೆ ರಕ್ತವು ಸಾಲದೆ ಎರಡನೆಯ ಪೆಟ್ಟು ಬೀಳುವುದು. ಇದನ್ನು ತಡೆಯಲು ನಾರ್‌ಅಡ್ರಿನಲಿನ್ ಎಂಬ ಔಷಧವನ್ನು ಸಾಮಾನ್ಯವಾಗಿ ಕೊರಳಿನ ದೊಡ್ಡ ರಕ್ತನಾಳದ ಮೂಲಕ, ಯಂತ್ರದಿಂದ ಅಳೆದು ಅಳೆದು ಬಿಡುವರು. ಇದು ನಮ್ಮ ಶರೀರವೇ ತಯಾರಿಸಿಕೊಳ್ಳುವ ಪದಾರ್ಥ. ಸರಾಸರಿ ಒತ್ತಡವು ೬೫ಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ವಾಡಿಕೆ. ನಾವು ಮನೆಯಲ್ಲಿ ೧೨೦, ೮೦ ಎಂದು ಎಣಿಸುವ ಎರಡು ಅಂಕಿಗಳಿಗಿಂತ ಇದು ಬೇರೆಯಾದ ಲೆಕ್ಕ. ಈ ಔಷಧದ ಪ್ರಮಾಣವು ದಿನದಿಂದ ದಿನಕ್ಕೆ ಇಳಿಯುತ್ತ ಬಂದರೆ ಅದು ಒಳ್ಳೆಯ ಚಿಹ್ನೆ. "ಇವೊತ್ತು ಒತ್ತಡದ ಔಷಧ ನಿನ್ನೆಗಿಂತ ಕಡಿಮೆಯಾಗಿದೆಯೆ?" ಎಂಬ ಒಂದು ಪ್ರಶ್ನೆಯನ್ನು ಕೇಳುವುದರಿಂದ, ಹತ್ತು ಪ್ರಶ್ನೆ ಕೇಳಿದ್ದಕ್ಕಿಂತ ಹೆಚ್ಚು ತಿಳಿಯುವುದು.

ಎರಡನೆಯವು ಮಿಡಿತದ ತಾಳವನ್ನು ಕಾಯುವ ಔಷಧಗಳು. ತಾಳ ತಪ್ಪಿ ಅದುರುತ್ತ ನಿಂತ ಹೃದಯವು ಮತ್ತೆ ಹಾಗೆಯೇ ಅದುರುವ ಭಯವಿದ್ದಲ್ಲಿ ಅಮಿಯೊಡರೋನ್ ಅಥವಾ ಲಿಡೊಕೇನ್ ಎಂಬುದನ್ನು ಕೊಡುವರು. ಹಲ್ಲು ಕೀಳುವಾಗ ವಸಡನ್ನು ಮರಗಟ್ಟಿಸುವ ಮದ್ದೂ ಈ ಲಿಡೊಕೇನೇ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಗಳು ಏರುಪೇರಾದರೂ ತಾಳವು ಕೆಡುವುದರಿಂದ ಅವುಗಳನ್ನೂ ಪದೇ ಪದೇ ಅಳೆದು ಸರಿಪಡಿಸುವರು. ಈ ಔಷಧಗಳು ಎಲ್ಲ ರೋಗಿಗಳಿಗೂ ಬೇಕಾದವುಗಳಲ್ಲ. ಪಕ್ಕದ ಹಾಸಿಗೆಯವರಿಗೆ ಕೊಟ್ಟದ್ದನ್ನು ನಮ್ಮವರಿಗೇಕೆ ಕೊಡಲಿಲ್ಲವೆಂದು ಮನಸ್ಸನ್ನು ಕೆಡಿಸಿಕೊಳ್ಳಬಾರದು.

ಮೂರನೆಯವು ಹೃದಯವು ನಿಂತುದಕ್ಕೆ ಕಾರಣವಾದ ಮೂಲರೋಗದ ಔಷಧಗಳು. ನಾಳವು ಕಟ್ಟಿಕೊಂಡಿದ್ದರೆ ಆಸ್ಪಿರಿನ್, ಹೆಪಾರಿನ್ ಮುಂತಾದವನ್ನು ಕೊಟ್ಟು, ಕೂಡಿದಷ್ಟು ಬೇಗನೆ ನಾಳವನ್ನು ತೆರೆದು ಸ್ಟೆಂಟನ್ನು ಇಡುವರು. ಆ ಸೌಕರ್ಯವು ದೂರದಲ್ಲಿರುವ ಕಡೆ, ಹೃದಯಾಘಾತವಾದವರಿಗೆ ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಸೂಜಿಮದ್ದು ಇದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ನಮ್ಮ ಸರ್ಕಾರವು ನಡೆಸುವ ಹೃದಯಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಕೇಂದ್ರದ ವೈದ್ಯರು ನೋಡಿ ಹೇಳಿದಂತೆ, ಈ ದುಬಾರಿ ಮದ್ದನ್ನು ಉಚಿತವಾಗಿ ಕೊಡುವರು. ಆದರೆ ಹೃದಯಸ್ತಂಭನವಾದವರ ವಿಷಯದಲ್ಲಿ ಒಂದು ಎಚ್ಚರಿಕೆ ಉಂಟು. ಬಹಳ ಹೊತ್ತು ಎದೆಯನ್ನು ಒತ್ತಿದಾಗ ಪಕ್ಕೆಲುಬು ಮುರಿದು ಒಳಗೆ ಗಾಯವಾಗಿರುವುದುಂಟು. ಹೆಪ್ಪನ್ನು ಕರಗಿಸುವ ಮದ್ದು ಆ ಗಾಯದಿಂದ ರಕ್ತಸ್ರಾವವನ್ನು ಮಾಡಿಸಬಹುದು. ಆದುದರಿಂದ ಎದೆಯನ್ನು ಎಷ್ಟು ನಿಮಿಷ ಒತ್ತಲಾಯಿತು ಎಂಬುದನ್ನು ವೈದ್ಯರು ಕೇಳುವುದು ಕುತೂಹಲಕ್ಕಲ್ಲ.

ನಾಲ್ಕನೆಯವು ನಿದ್ರೆಯ ಮತ್ತು ನೋವಿನ ಔಷಧಗಳು. ಮನೆಯವರು ತಪ್ಪು ತಿಳಿಯುವುದು ಬಹುವಾಗಿ ಇಲ್ಲಿಯೇ. ಗಂಟಲಿನಲ್ಲಿ ಕೊಳವೆಯಿದ್ದು ಎಚ್ಚರವಾಗಿರುವುದು ಸಹಿಸಲಾಗದ ಹಿಂಸೆ. ರೋಗಿಯು ಕೊಸರಾಡಿದರೆ ಮೆದುಳಿನ ದಣಿವೂ ಹೆಚ್ಚುವುದು. ಆದುದರಿಂದ ಪ್ರೊಪೊಫಾಲ್, ಮಿಡಜೋಲಂ, ಫೆಂಟನಿಲ್ ಎಂಬ ಔಷಧಗಳಿಂದ ಮಲಗಿಸುವರು. ಪ್ರೊಪೊಫಾಲ್ ಎಂಬುದು ನೋಡುವುದಕ್ಕೆ ಅಪ್ಪಟ ಹಾಲಿನಂತೆ ಬೆಳ್ಳಗಿರುವುದು. ನಮ್ಮ ನೆರೆಯ ಯಜಮಾನಿಯು "ಪಾಪ, ಹಾಲನ್ನಾದರೂ ಕೊಡುತ್ತಿದ್ದಾರಲ್ಲ" ಎಂದುಕೊಂಡಿದ್ದರಂತೆ! ಅದು ಹಾಲಲ್ಲ, ಎಣ್ಣೆಯಲ್ಲಿ ಕದಡಿದ ನಿದ್ರೆಯ ಮದ್ದು. ಅದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಬೇಗನೆ ಇಳಿದುಹೋಗುವುದು. ಆದರೆ ಮಿಡಜೋಲಂ ಹಾಗಲ್ಲ. ಮೂತ್ರಪಿಂಡ, ಯಕೃತ್ತುಗಳು ಬಳಲಿದ್ದರೆ ಅದು ನಿಲ್ಲಿಸಿದ ಮೇಲೆಯೂ ಒಂದೆರಡು ದಿನ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ಶರೀರದಲ್ಲಿ ಉಳಿದಿರುವುದು. ಹೃದಯಸ್ತಂಭನವಾದವರಲ್ಲಿ ಈ ಎರಡು ಅಂಗಗಳೂ ಬಳಲಿರುವುದು ಸಾಮಾನ್ಯವೇ. ಇದಲ್ಲದೆ ನಡುಕವನ್ನು ತಡೆಯಲು ಮಾಂಸಖಂಡಗಳನ್ನು ಸಡಿಲಿಸುವ ಮದ್ದನ್ನು ಕೊಟ್ಟಿದ್ದರೆ, ರೋಗಿಯು ಬೆರಳನ್ನು ಅಲುಗಿಸಲೂ ಶಕ್ತನಾಗಿರುವುದಿಲ್ಲ. ಇಂತಹ ಸ್ಥಿತಿಯಲ್ಲಿ ಕಣ್ಣು ತೆರೆಯಲಿಲ್ಲವೆಂದು ಮೆದುಳು ಸತ್ತಿದೆಯೆಂದು ತೀರ್ಮಾನಿಸುವುದು, ಬಾಗಿಲಿಗೆ ನಾವೇ ಬೀಗ ಹಾಕಿ ಒಳಗಿನವರು ಹೊರಗೆ ಬರಲಿಲ್ಲವೆಂದು ದೂರಿದಂತೆ.

ಐದನೆಯದು ಜ್ವರದ ನಿಗ್ರಹ. ಈ ವಿಷಯದಲ್ಲಿ ವೈದ್ಯರ ಅಭಿಪ್ರಾಯವು ಇಪ್ಪತ್ತು ವರ್ಷಗಳಲ್ಲಿ ಬದಲಾದ ಕತೆಯು ತಿಳಿಯತಕ್ಕದ್ದಾಗಿದೆ. ೨೦೦೨ನೆಯ ಇಸವಿಯಲ್ಲಿ ಯೂರೋಪಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ನಡೆದ ಎರಡು ಪರೀಕ್ಷೆಗಳಲ್ಲಿ, ರೋಗಿಯ ಶರೀರವನ್ನು ಸುಮಾರು ೩೩ ಡಿಗ್ರಿ ಸೆಂಟಿಗ್ರೇಡಿನವರೆಗೆ ತಣಿಸಿದರೆ ಮೆದುಳು ಹೆಚ್ಚು ಉಳಿಯುವುದೆಂದು ಕಂಡುಬಂದಿತು. ಎಲ್ಲೆಡೆಯೂ ಹಾಗೆ ತಣಿಸತೊಡಗಿದರು. ೨೦೧೩ರಲ್ಲಿ ೩೩ ಡಿಗ್ರಿಗೂ ೩೬ ಡಿಗ್ರಿಗೂ ಫಲದಲ್ಲಿ ಭೇದವು ಕಾಣಲಿಲ್ಲ. ೨೦೨೧ರಲ್ಲಿ ಸುಮಾರು ೧,೯೦೦ ರೋಗಿಗಳನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯಲ್ಲಿ, ತಣಿಸಿದವರಿಗೂ, ಜ್ವರ ಬಾರದಂತೆ ಮಾತ್ರ ನೋಡಿಕೊಂಡವರಿಗೂ ಹೆಚ್ಚುಕಡಿಮೆ ಒಂದೇ ಫಲವಾಯಿತು. ಎರಡು ಗುಂಪುಗಳಲ್ಲಿಯೂ ಆರು ತಿಂಗಳೊಳಗೆ ಸುಮಾರು ಅರ್ಧದಷ್ಟು ಜನರು ತೀರಿಕೊಂಡರು. ಆದುದರಿಂದ ಈಗ ಮುಖ್ಯವೆಂದು ತಿಳಿದಿರುವುದು ಜ್ವರವನ್ನು ಬರಗೊಡದಿರುವುದು. ಮೊದಲ ಒಂದೂವರೆ ದಿನದಿಂದ ಮೂರು ದಿನಗಳವರೆಗೆ ಶಾಖವು ೩೭.೫ ಡಿಗ್ರಿಯನ್ನು, ಎಂದರೆ ನಮ್ಮ ಮನೆಯ ಹಳೆಯ ಥರ್ಮಾಮೀಟರಿನಲ್ಲಿ ೯೯.೫ನ್ನು, ದಾಟದಂತೆ ನೋಡಿಕೊಳ್ಳುವರು. ಪ್ಯಾರಾಸಿಟಮಾಲ್ ಸಾಲದಿದ್ದರೆ ತಣ್ಣನೆಯ ಹೊದಿಕೆಗಳನ್ನೂ ಯಂತ್ರಗಳನ್ನೂ ಉಪಯೋಗಿಸುವರು. "ಮೈ ತಣ್ಣಗಿದೆ, ಕಂಬಳಿ ಹೊದಿಸಿ" ಎಂದು ದಾದಿಯರೊಡನೆ ಹಟ ಮಾಡತಕ್ಕದ್ದಲ್ಲ.

ಆರನೆಯವು ಸೆಳವಿನ ಔಷಧಗಳು. ನೊಂದ ಮೆದುಳಿನಲ್ಲಿ ಮೂರ್ಛೆಯ ಸೆಳವು ಕಾಣಿಸಿಕೊಳ್ಳುವುದುಂಟು. ನಿದ್ರೆಯ ಮದ್ದಿನ ಕೆಳಗೆ ಅದು ಹೊರಗೆ ತೋರದೆಯೂ ಇರಬಹುದು. ತಲೆಗೆ ತಂತಿಗಳನ್ನು ಅಂಟಿಸಿ ಇ.ಇ.ಜಿ. ತೆಗೆಯುವುದು ಇದಕ್ಕಾಗಿಯೇ. ಸೆಳವು ಕಂಡರೆ ಲೆವೆಟಿರಸೆಟಮ್, ವಾಲ್‌ಪ್ರೊಯೇಟ್ ಎಂಬುವನ್ನು ಕೊಡುವರು. ಕಾಣದಿದ್ದಾಗ ಮುನ್ನೆಚ್ಚರಿಕೆಗೆಂದು ಕೊಡುವುದರಿಂದ ಲಾಭವಿಲ್ಲ. ಇವುಗಳ ಜೊತೆಗೆ ಸಕ್ಕರೆಗೆ ಇನ್ಸುಲಿನ್, ಹೊಟ್ಟೆಯ ಹುಣ್ಣಿಗೆ ತಡೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು, ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಆಂಟಿಬಯಾಟಿಕ್ ಇವೂ ಇರುವುವು.

ಇಷ್ಟೆಲ್ಲ ಹೇಳಿದ ಮೇಲೆ ಇಲ್ಲದ ಔಷಧದ ಮಾತನ್ನೂ ಹೇಳಬೇಕು. ನೊಂದ ಮೆದುಳನ್ನು ಚೇತರಿಸುವುದೆಂದು ಸಿದ್ಧವಾದ ಔಷಧವು ಈವರೆಗೆ ಒಂದೂ ಇಲ್ಲ. ಸಂಕಟದಲ್ಲಿರುವ ಮನೆಯವರಿಗೆ ಯಾರಾದರೂ "ಇಂತಹ ಒಂದು ಇಂಜೆಕ್ಷನ್ ಇದೆಯಂತೆ, ಹೊರಗಿನಿಂದ ತರಿಸೋಣ" ಎಂದು ಹೇಳದಿರರು. ಆ ಮಾತನ್ನು ನಂಬಿ ಒಡವೆಯನ್ನು ಅಡವಿಡುವ ಮೊದಲು, ಚಿಕಿತ್ಸೆ ಮಾಡುತ್ತಿರುವ ವೈದ್ಯರನ್ನೇ ಕೇಳತಕ್ಕದ್ದು. ಔಷಧವು ಹೃದಯಕ್ಕೆ ಮಾಡುವುದು ಬೇರೆ, ಮೆದುಳಿಗೆ ಮಾಡುವುದು ಬೇರೆ ಎಂಬುದಕ್ಕೆ ಅಡ್ರಿನಲಿನ್ ಒಳ್ಳೆಯ ದೃಷ್ಟಾಂತ. ನಿಂತ ಹೃದಯವನ್ನು ನಡೆಸಲು ಇದನ್ನು ಬಹುಕಾಲದಿಂದ ಕೊಡುತ್ತಿರುವರು. ೨೦೧೮ರಲ್ಲಿ ಬ್ರಿಟನ್ನಿನಲ್ಲಿ ಸುಮಾರು ೮,೦೦೦ ಜನರಲ್ಲಿ ಪರೀಕ್ಷಿಸಿದಾಗ, ಇದನ್ನು ಪಡೆದವರಲ್ಲಿ ನೂರಕ್ಕೆ ೩.೨ ಜನರೂ, ಪಡೆಯದವರಲ್ಲಿ ೨.೪ ಜನರೂ ಮೂವತ್ತು ದಿನಗಳವರೆಗೆ ಬದುಕಿದ್ದರು. ಆದರೆ ಬದುಕಿದವರಲ್ಲಿ ಮೆದುಳು ತೀವ್ರವಾಗಿ ಕುಂದಿದವರ ಪಾಲು ಅಡ್ರಿನಲಿನ್ ಪಡೆದವರಲ್ಲಿಯೇ ಹೆಚ್ಚಾಗಿದ್ದಿತು. ಮೆದುಳನ್ನು ಉಳಿಸುವುದು ಮೊದಲ ಕೆಲವು ನಿಮಿಷಗಳಲ್ಲಿ ಎದೆಯನ್ನು ಒತ್ತಿದ ಕೈಗಳು. ಅವು ಉಳಿಸಿದ್ದನ್ನು ಕಾಯುವುದಷ್ಟೇ ಆಸ್ಪತ್ರೆಯ ಔಷಧಗಳ ಕೆಲಸ.

ಹಾಗಾದರೆ ಆಸೆಯಿಡಬೇಕೋ ಬಿಡಬೇಕೋ ಎಂಬುದನ್ನು ಎಂದು ತಿಳಿಯುವುದು? ಹೃದಯವು ಮತ್ತೆ ನಡೆದ ಹೊತ್ತಿನಿಂದ ೭೨ ಗಂಟೆಗಳು ಕಳೆಯುವ ಮೊದಲು, ಅದೂ ನಿದ್ರೆಯ ಮದ್ದುಗಳು ಶರೀರದಿಂದ ಇಳಿದುಹೋಗುವ ಮೊದಲು, ಏಳದ ರೋಗಿಯ ಮೆದುಳಿನ ಬಗ್ಗೆ ಕೊನೆಯ ಮಾತನ್ನು ಹೇಳಬಾರದೆಂಬುದು ಇಂದಿನ ವೈದ್ಯಶಾಸ್ತ್ರದ ನಿಯಮ. ಆಗಲೂ ಒಂದೇ ಪರೀಕ್ಷೆಯನ್ನು ನಂಬದೆ, ಕಣ್ಣಿನ ಪಾಪೆಯು ಬೆಳಕಿಗೆ ಕುಗ್ಗುವುದೇ, ಇ.ಇ.ಜಿ. ಹೇಗಿದೆ, ಮೆದುಳಿನ ಸ್ಕ್ಯಾನು ಏನು ಹೇಳುವುದು ಎಂದು ಹಲವನ್ನು ಕೂಡಿಸಿ ನೋಡುವರು. ಆ ಮೇಲೆಯೂ ವೈದ್ಯರು "ಕೈಮೀರಿತು" ಎಂದರೆ ಅದನ್ನು ಕೇಳುವ ಧೈರ್ಯವೂ ನಮಗೆ ಬೇಕು. ಈ ದುರವಸ್ಥೆಗೆ ಬಂದವರಲ್ಲಿ ಅನೇಕರು ಉಳಿಯುವುದಿಲ್ಲ. ಇದನ್ನು ಮರೆಮಾಚುವುದು ಒಳ್ಳೆಯದಲ್ಲ. ಮೂರು ದಿನ ತಾಳಬೇಕೆಂದು ಹೇಳುವುದು ಎಲ್ಲರೂ ಏಳುವರೆಂಬ ಭರವಸೆಯಿಂದಲ್ಲ. ಏಳಬಹುದಾದವರನ್ನು ನಮ್ಮ ಅವಸರದಿಂದ ಕಳೆದುಕೊಳ್ಳಬಾರದೆಂಬ ಕಾರಣದಿಂದ.

ಈ ದಿನಗಳಲ್ಲಿ ಮನೆಯವರು ಮಾಡಬಹುದಾದ ಕೆಲಸವೂ ಉಂಟು. ರೋಗಿಯು ಬಿದ್ದ ಹೊತ್ತು, ಎದೆಯನ್ನು ಒತ್ತತೊಡಗಿದ ಹೊತ್ತು, ನಡುವೆ ಕಳೆದ ನಿಮಿಷಗಳು ಇವನ್ನು ಕಂಡವರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಮನೆಯಲ್ಲಿ ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತರಬೇಕು. ಸಕ್ಕರೆಯ, ಒತ್ತಡದ ಮಾತ್ರೆಗಳು, ರಕ್ತವನ್ನು ತೆಳುಮಾಡುವ ಮಾತ್ರೆಗಳು, ನಿದ್ರೆಯ ಮಾತ್ರೆಗಳು, ನಾಟಿ ಔಷಧ ಮತ್ತು ಲೇಹ್ಯಗಳು ಯಾವುದನ್ನೂ ಸಂಕೋಚದಿಂದ ಮುಚ್ಚಿಡಬಾರದು. ಕೆಲವು ಔಷಧಗಳು ತಾವೇ ಹೃದಯದ ತಾಳವನ್ನು ಕೆಡಿಸುವುದುಂಟು. ಯಾವ ಮದ್ದು ಒಗ್ಗದೆಂಬುದನ್ನೂ ಹೇಳಬೇಕು. ಇನ್ನು, ಎಷ್ಟೇ ಭಕ್ತಿಯಿದ್ದರೂ ಎಚ್ಚರವಿಲ್ಲದವರ ಬಾಯಿಗೆ ತೀರ್ಥವನ್ನಾಗಲಿ ನೀರನ್ನಾಗಲಿ ಬಿಡಬಾರದು. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ತರುವುದು. ಹಣೆಗೆ ಕುಂಕುಮವನ್ನಿಟ್ಟು, ಕೈ ಹಿಡಿದು, ಹೆಸರನ್ನು ಕರೆದು ಮಾತನಾಡಿಸಿದರೆ ಯಾವ ಕೆಡುಕೂ ಇಲ್ಲ.

ಉಳಿದು ಮನೆಗೆ ಬಂದವರಿಗೆ ಔಷಧವು ಮುಗಿಯಿತೆಂದಲ್ಲ. ಸ್ಟೆಂಟನ್ನು ಇಟ್ಟಿದ್ದರೆ ರಕ್ತವು ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಕೊಟ್ಟಿರುವರು. ಹಲ್ಲು ಕೀಳಿಸುವುದಕ್ಕಾಗಲಿ, ಉಪವಾಸವೆಂದಾಗಲಿ, ಮೈ ಹಗುರವಾಯಿತೆಂದಾಗಲಿ ವೈದ್ಯರನ್ನು ಕೇಳದೆ ಅವುಗಳನ್ನು ನಿಲ್ಲಿಸಿದರೆ ನಾಳವು ಒಮ್ಮೆಗೇ ಕಟ್ಟಿಕೊಳ್ಳಬಹುದು. ಮರೆವು, ಸಿಡುಕು, ಬೇಗ ದಣಿಯುವುದು ಇವು ಕೆಲವು ತಿಂಗಳು ಇರುವುವು. ಅದು ಸ್ವಭಾವದ ಕೇಡಲ್ಲ, ಮೆದುಳು ಪಟ್ಟ ಪಾಡಿನ ಗುರುತು ಎಂದು ಮಕ್ಕಳಿಗೆ ತಿಳಿಸಿ ಹೇಳಬೇಕು.

ನಮ್ಮ ನೆರೆಯ ಗೃಹಸ್ಥರ ವಿಷಯವನ್ನು ಹೇಳಿ ಮುಗಿಸುವೆನು. ಆ ದಿನ ಮೈದುನನು ತನ್ನ ಹಟವನ್ನು ಬಿಟ್ಟು ಬೆಂಚಿನ ಮೇಲೆ ಅತ್ತಿಗೆಯ ಪಕ್ಕದಲ್ಲಿ ಕುಳಿತನು. ಮೂರನೆಯ ದಿನ ನಿದ್ರೆಯ ಮದ್ದನ್ನು ನಿಲ್ಲಿಸಿದರು. ಆ ದಿನವೂ ಮಾರನೆಯ ದಿನವೂ ಏನೂ ಆಗಲಿಲ್ಲ. ಐದನೆಯ ದಿನ ಬೆಳಗ್ಗೆ ಆತನ ಹೆಸರನ್ನು ಕರೆದಾಗ ಕಣ್ಣು ತೆರೆದು, ಹೆಂಡತಿಯ ಕಡೆಗೆ ತಿರುಗಿಸಿದರಂತೆ. ಈಗ ಮನೆಯಲ್ಲಿದ್ದಾರೆ. ಬೆಳಗಿನ ತಿಂಡಿ ಏನೆಂಬುದನ್ನು ಮಧ್ಯಾಹ್ನದೊಳಗೆ ಮರೆಯುವರು. ಲೆಕ್ಕಪತ್ರವನ್ನು ಮಗಳು ನೋಡಿಕೊಳ್ಳುವಳು. ಮಾತ್ರೆಗಳ ಹೊತ್ತನ್ನು ಯಜಮಾನಿಯು ಅಡಿಗೆಮನೆಯ ಪಂಚಾಂಗದ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ. ಹಾಲು ತರಲು ಈಗ ಇಬ್ಬರೂ ಜೊತೆಯಾಗಿ ಹೋಗುವರು.

ಆ ತರುಣನು ಕಲಿತಿದ್ದ ಎದೆಯೊತ್ತುವ ಕ್ರಮವನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಅದನ್ನು ಮನೆಯವರಿಗೆ ಹೇಗೆ ಕಲಿಸಬಹುದೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸಲಾಗುವುದು.